ಸಲಕರಣೆಯ ಆಶೆಯೂ ಕೈಯ ಕೆಲಸವೂ



ಕುಡಿತ, ಜೂಜು, ಸಾಲಮಾಡಿ ಮದುವೆಯ ಊಟ ಹಾಕುವದು, ಇಂಥಾ ದುರಭ್ಯಾಸಗಳ ವಿಷಯವಾಗಿ ನಮ್ಮ ಸಭೆಗಳಲ್ಲಿ ಎಚ್ಚರಿಕೆಯ ಮಾತುಗಳು ಆಗಾಗ ಕೇಳಬರುತ್ತವೆ. ಅವುಗಳನ್ನು ಗುರುತಿಸುವದು ಕಷ್ಟವಲ್ಲ; ಯಾಕಂದರೆ ಅವುಗಳಿಗೆ ಬಲಿಬಿದ್ದವನು ತಾನೇ ಅವನ್ನು ಮರೆಮಾಡುತ್ತಾನೆ. ಆದರೆ ಸದ್ಗುಣದ ಉಡುಪನ್ನು ತೊಟ್ಟುಕೊಂಡು ಮನೆಯೊಳಗೆ ಬರುವ ಆಶೆಗಳೂ ಉಂಟು. ಹೆಂಡದ ಶೀಶೆಯನ್ನು ಕೊಂಡವನು ಅದನ್ನು ಅರಿವೆಯಲ್ಲಿ ಸುತ್ತಿ ಬಚ್ಚಿಟ್ಟು ತರುತ್ತಾನೆ. ಹೊಸ ಲೇಖನಿಯನ್ನು ಕೊಂಡವನಾದರೋ ಅದನ್ನು ಎದೆಯ ಮೇಲಿನ ಕಿಸೆಗೆ ಎಲ್ಲರಿಗೂ ಕಾಣುವಂತೆ ಸಿಕ್ಕಿಸಿಕೊಂಡು ಬರುತ್ತಾನೆ. ಚಿತ್ರ ಬರೆಯುವವರಲ್ಲಿ ಬಣ್ಣ, ಕುಂಚ, ಕಾಗದ, ಲೇಖನಿಗಳನ್ನು ಕೊಳ್ಳಬೇಕೆಂದು ಹುಟ್ಟುವ ತಡೆಯಲಾರದ ಆಶೆಯು ಈ ಎರಡನೆಯ ತರದ್ದು. ಅದು ಒಳ್ಳೆಯದೋ ಕೆಟ್ಟದ್ದೋ ಎಂಬದನ್ನು ಈ ಸಾರಿ ವಿಚಾರಿಸೋಣ. ಚಿತ್ರ ಬರೆಯದವರೂ ಇದನ್ನು ಓದಬಹುದು. ಇರುವ ಹಾರ್ಮೋನಿಯಮ್ಮನ್ನು ಬಾರಿಸದೆ ಹೊಸದಕ್ಕಾಗಿ ಹಂಬಲಿಸುವ ಹಾಡುಗಾರನೂ, ಹಗೇವಿನಲ್ಲಿ ಕಾಳಿಲ್ಲದಿದ್ದರೂ ಜಾತ್ರೆಯಲ್ಲಿ ಎತ್ತಿನ ಕೊಂಬಣಸುಗಳನ್ನು ಕೊಳ್ಳುವ ರೈತನೂ ಇದರಲ್ಲಿ ತಮ್ಮ ಮುಖವನ್ನು ಕಂಡಾರು.

ಪರರ ತಪ್ಪನ್ನು ಹೇಳುವ ಮುಂಚೆ ನಮ್ಮದನ್ನೇ ಹೇಳಿಬಿಡುವದು ಯೋಗ್ಯ. ನಾವು ಮೂಡಲಗಿಯ ಕಡೆಯವರು; ಮಕ್ಕಳಿಗೆ ಚಿತ್ರ ಕಲಿಸಿ ಜೀವಿಸುವವರು. ಮೂಡಲಗಿಯು ಈಗ ಬೇರೆ ತಾಲೂಕಾಗಿದ್ದರೂ ಯಾವದಾದರೊಂದು ಕೆಲಸದ ನಿಮಿತ್ತ ಗೋಕಾಕಕ್ಕೆ ಹೋಗುವದು ನಮಗೆ ತಪ್ಪಿಲ್ಲ. ಹೋದ ಕೆಲಸ ಮುಗಿದ ಮೇಲೆ ಕಾಲುಗಳು ತಾವಾಗಿಯೇ ಕಾಗದದ ಅಂಗಡಿಯ ಕಡೆಗೆ ತಿರುಗುತ್ತವೆ. ಅಲ್ಲಿ ಹೊಸ ಕಾಗದದ ವಾಸನೆ, ಸಾಲಾಗಿಟ್ಟ ಬಣ್ಣದ ಕೊಳವೆಗಳು, ಇನ್ನೂ ಶಾಯಿ ಮುಟ್ಟದ ನಿಬ್ಬಿನ ಹೊಳಪು. ಒಂದನ್ನು ಕೈಗೆ ತಕ್ಕೊಂಡು ಕಾಗದದ ತುಂಡಿನ ಮೇಲೆ ಒಂದು ಗೆರೆ ಎಳೆದೆವೆಂದರೆ ಮುಗಿಯಿತು; ಕಿಸೆಯಲ್ಲಿದ್ದ ಹಣವು ಕಿರಾಣಿಯದೋ ಹಾಲಿನದೋ ಎಂಬ ಭೇದ ಉಳಿಯುವದಿಲ್ಲ. ಈಗಂತೂ ಗೋಕಾಕಕ್ಕೆ ಹೋಗುವ ಕಾರಣವೂ ಇಲ್ಲ. ಕೈಯಲ್ಲಿರುವ ಫೋನಿನ ಮೇಲೆ ಬೆರಳಿಟ್ಟರೆ ದೂರದೇಶದ ಕುಂಚವು ನಾಲ್ಕು ದಿನಗಳಲ್ಲಿ ಹಳ್ಳಿಯ ಬಾಗಲಿಗೆ ಬರುತ್ತದೆ. ಒಂದು ವರ್ಷದ ಕಡೆಯಲ್ಲಿ ನಮ್ಮ ಪೆಟ್ಟಿಗೆಯನ್ನು ತೆರೆದು ಎಣಿಸಿದೆವು. ಲೇಖನಿಗಳು 27, ಕುಂಚಗಳು 14, ಬಣ್ಣದ ಡಬ್ಬಿಗಳು 6. ಆ ವರ್ಷ ಬರೆದು ಮುಗಿಸಿದ ಚಿತ್ರಗಳು 3.

ಇದು ಪಾಪವೋ? ಅವಸರದಿಂದ ಹೌದೆನ್ನಬಾರದು. ಒಳ್ಳೆಯ ಸಲಕರಣೆಯನ್ನು ಪ್ರೀತಿಸುವದು ಕೈಕೆಲಸದವರ ಗುಣವೇ ಆಗಿದೆ. ಮೊಂಡ ಕುಡಗೋಲಿನಿಂದ ಕೊಯ್ಯುವ ರೈತನನ್ನು ಯಾರೂ ಹೊಗಳುವದಿಲ್ಲ. ಅಗ್ಗದ ಕಾಗದವು ನೀರುಬಣ್ಣ ತಗಲಿದ ಕೂಡಲೆ ಉಬ್ಬಿ ಮುದುಡುತ್ತದೆ. ಕೀಳು ಬಣ್ಣವು ಬಿಸಿಲು ಬೀಳುವ ಗೋಡೆಯ ಮೇಲೆ ಕೆಲವು ವರ್ಷಗಳಲ್ಲೇ ಮಾಸಿಹೋಗುತ್ತದೆ. ಕೂದಲು ಉದುರುವ ಕುಂಚವು ಬರೆದ ಮುಖವನ್ನೇ ಕೆಡಿಸುತ್ತದೆ. ಗೋಕಾಕದ ಗೊಂಬೆಗಾರರು ಹಗುರವಾದ ಮರದಿಂದಲೂ ಮಣ್ಣಿನಿಂದಲೂ ಮಾಡಿ ಬಣ್ಣ ಹಚ್ಚುವ ಹಣ್ಣುಗಳನ್ನು ನೋಡಿದವರು, ಇದು ನಿಜವಾದ ಹಣ್ಣೋ ಎಂದು ಕೈಚಾಚುವದುಂಟು. ಉಳಿ ಹರಿತವಾಗಿಲ್ಲದೆ ಬಣ್ಣ ಹದವಾಗಿಲ್ಲದೆ ಆ ಕೆಲಸವಾಗದು. ಬಡವನ ಮಗನಿಗೆ ಒಳ್ಳೆಯ ಬಣ್ಣವು ಅನಾವಶ್ಯಕವೆಂದು ಹೇಳುವವರ ಸಂಗಡ ನಾವು ಒಪ್ಪುವದಿಲ್ಲ. 1931ರಲ್ಲಿ ಮುಂಬಯಿಯಲ್ಲಿ ದಾಂಡೇಕರ ಸಹೋದರರು ಶಾಯಿಯಿಂದ ಆರಂಭಿಸಿದ ಉದ್ಯೋಗವು ಬೆಳೆದು, ಕ್ಯಾಮೆಲ್ ಎಂಬ ಹೆಸರಿನ ಬಣ್ಣದ ಪೆಟ್ಟಿಗೆಯಾಗಿ ಹಳ್ಳಿಯ ಶಾಲೆಯ ಮಕ್ಕಳ ಕೈಗೂ ಬಂದದ್ದು ಸಂತೋಷದ ಸಂಗತಿಯೇ.

ಹಾಗಾದರೆ ತಪ್ಪು ಎಲ್ಲಿ ಆರಂಭವಾಗುತ್ತದೆ? ಹಿಂದಿನವರ ರೀತಿಯನ್ನು ನೋಡಿದರೆ ಇದು ಸ್ವಲ್ಪ ತಿಳಿಯುವದು. ಮೈಸೂರಿನ ಸಂಪ್ರದಾಯದ ಚಿತ್ರಗಾರರು ಹುಣಿಸೆಯ ಕಡ್ಡಿಗಳನ್ನು ಸುಟ್ಟು, ಆ ಇದ್ದಲಿನಿಂದ ಮೊದಲಿನ ರೇಖೆಗಳನ್ನು ಬರೆಯುತ್ತಿದ್ದರು. ಅಳಿಲಿನ ಕೂದಲು, ಆಡಿನ ಕೂದಲು ಮುಂತಾದವುಗಳಿಂದ ಕುಂಚಗಳಾಗುತ್ತಿದ್ದವು. ಅತಿ ಸೂಕ್ಷ್ಮವಾದ ಗೆರೆಗಳಿಗೆ ಚೂಪಾದ ಹುಲ್ಲಿನ ಎಸಳೇ ಸಾಕಾಗುತ್ತಿತ್ತು. ಅವರಿಗೂ ಸಲಕರಣೆಯ ಮೇಲೆ ಪ್ರೀತಿ ಇತ್ತು; ಆದರೆ ಆ ಪ್ರೀತಿಯ ಬೆಲೆಯನ್ನು ಕೈಯಿಂದ ತೆರಬೇಕಾಗಿತ್ತು. ದಿನಗಟ್ಟಲೆ ಕೂತು ಒಂದು ಕುಂಚ ಕಟ್ಟಿದವನು ಕೆಲಸವಿಲ್ಲದೆ ಮೂವತ್ತನೆಯದನ್ನು ಕಟ್ಟಲಾರನು. ನಮಗಾದರೋ ಹಣವು ಕೈಯ ಬದಲಾಗಿ ದುಡಿಯುತ್ತದೆ. ಆದಕಾರಣ ಕೈಗೆ ದಣಿವು ತಿಳಿಯುವದಿಲ್ಲ, ಸಾಕೆಂಬ ಮಾತೂ ಹೊರಡುವದಿಲ್ಲ.

ಇದಕ್ಕಿಂತ ಆಳವಾದ ಕಾರಣವೊಂದುಂಟು. ಹೊಸ ಕುಂಚವನ್ನು ಕೊಳ್ಳುವ ಗಳಿಗೆಯಲ್ಲಿ ಮನಸ್ಸು, ಅದರಿಂದ ಬರೆಯಲಿರುವ ಚಿತ್ರವನ್ನು ಆಗಲೇ ಬರೆದು ಮುಗಿಸಿದಂತೆ ಹಿಗ್ಗುತ್ತದೆ. ಬರೆಯಬೇಕಾದ ಕಷ್ಟವು ಬರುವ ಮೊದಲೇ ಬರೆದ ಸಂತೋಷವನ್ನು ಉಂಡುಬಿಡುತ್ತೇವೆ. ಬರೆಯಲು ಕೂತರೆ ಕೆಡಬಹುದು, ಜನರು ನಗಬಹುದು. ಮುಟ್ಟದ ಬಿಳಿಯ ಕಾಗದವಾದರೋ ಯಾರನ್ನೂ ನಗಿಸುವದಿಲ್ಲ. ಆದಕಾರಣ ಒಂದು ಚಿತ್ರ ಕೆಟ್ಟಿತೆಂದರೆ, ಕುಣಿಯಲಾರದವಳು ನೆಲ ಡೊಂಕೆಂದ ಪ್ರಕಾರ, ಕಾಗದದ ಮೇಲೂ ಕುಂಚದ ಮೇಲೂ ದೋಷ ಹೊರಿಸಿ ಮತ್ತೊಂದನ್ನು ತರುತ್ತೇವೆ. ಹೀಗೆ ನೋಡಿದರೆ ಈ ಆಶೆಯ ಬೇರು ಲೋಭವಲ್ಲ, ಅಂಜಿಕೆ. ಲೋಭಿಯು ಸಂಪಾದಿಸಿದ್ದನ್ನು ಬಿಡಲಾರನು. ನಾವೋ ಸಂಪಾದಿಸಿದ್ದನ್ನು ಉಪಯೋಗಿಸಲಾರೆವು.

ಈ ಅಂಜಿಕೆಗೆ ನಾವು ತೆತ್ತ ಬೆಲೆಯನ್ನು ಹೇಳಲೇಬೇಕು. ಹುಕ್ಕೇರಿ ತಾಲೂಕಿನಲ್ಲಿ ಘಟಪ್ರಭಾ ನದಿಗೆ ಹಿಡಕಲ್ಲಿನ ಬಳಿಯಲ್ಲಿ ಕಟ್ಟಿದ ಆಣೆಕಟ್ಟನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. 1977ರಲ್ಲಿ ಮುಗಿದ ಆ ಕೆಲಸದಿಂದ ಸಾವಿರಾರು ಎಕರೆಗಳಿಗೆ ನೀರು ಬಂತು. ಹಾಗೆಯೇ ಕೆಲವು ಊರುಗಳು ನೀರಿನೊಳಗೆ ಹೋದವು. ಬೇಸಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ವಿಠ್ಠಲನ ಕಲ್ಲಿನ ಗುಡಿಯು ಮೇಲೆ ಕಾಣುತ್ತದೆ; ಮಣ್ಣಿನ ಮನೆಗಳು ಹಾಗೆ ಕಾಣುವದಿಲ್ಲ. ಅಂಥಾ ಒಂದು ಊರಿನಿಂದ ಎದ್ದುಬಂದ ಮುತ್ಯಾ ಒಬ್ಬರು ನಮ್ಮನ್ನು ಕರೆದು, “ತಮ್ಮಾ, ನಮ್ಮ ಹಳೇ ಮನಿ ಚಿತ್ರಾ ಒಂದು ತಗದ ಕೊಡು. ನಾ ಹೇಳ್ತೀನಿ, ನೀ ಬರಿ. ಮೊಮ್ಮಕ್ಕಳು ನೋಡಲಿ,” ಎಂದರು. ಆ ಮನೆಯ ಫೋಟೋ ಒಂದೂ ಇರಲಿಲ್ಲ. ಅಂದೇ ಕಟ್ಟೆಯ ಮೇಲೆ ಕೂತು ಅವರು ಪಡಸಾಲೆಯ ಕಂಬಗಳನ್ನೂ, ದನಗಳ ಗ್ವಾದಲಿಯನ್ನೂ, ಅಂಗಳದ ಬೇವಿನ ಗಿಡವನ್ನೂ ಬೆರಳಿನಿಂದ ಧೂಳಿನಲ್ಲಿ ಗೀಚಿ ತೋರಿಸಿದರು.

ನಮ್ಮ ಚೀಲದಲ್ಲಿ ಪೆನ್ಸಿಲೂ ಕಾಗದವೂ ಇದ್ದವು. ಆದರೂ, “ಮುತ್ಯಾ, ಇಂಥಾ ಚಿತ್ರಕ್ಕೆ ಒಳ್ಳೆಯ ಕಾಗದ ಬೇಕು, ತರಿಸಿ ಬರುತ್ತೇವೆ,” ಎಂದು ಹೇಳಿ ಎದ್ದೆವು. ಕಾಗದ ಬಂತು, ಆಗ ಮಣ್ಣಿನ ಗೋಡೆಗೆ ತಕ್ಕ ಬಣ್ಣ ನಮ್ಮಲ್ಲಿಲ್ಲವೆಂದು ತೋರಿತು. ಬಣ್ಣ ಬಂತು, ಆಗ ಕುಂಚವು ದಪ್ಪವೆಂದು ತೋರಿತು. ಪ್ರತಿಯೊಂದು ಪೊಟ್ಟಣ ಬಂದಾಗಲೂ ಆ ಚಿತ್ರದ ಸಲುವಾಗಿಯೇ ಶ್ರಮಪಡುತ್ತಿದ್ದೇವೆಂದು ನಮ್ಮನ್ನು ನಾವೇ ಮೆಚ್ಚಿಕೊಂಡೆವು. ಹೀಗೆ ಹದಿನಾಲ್ಕು ತಿಂಗಳು ಕಳೆದವು. ಕಡೆಗೆ ಎಲ್ಲಾ ಸಲಕರಣೆಗಳೊಂದಿಗೆ ಹೋದಾಗ ಮುತ್ಯಾ ನಮ್ಮನ್ನು ಗುರುತಿಸಲಿಲ್ಲ. ಮರೆವಿನ ರೋಗವು ಅವರನ್ನು ಹಿಡಿದಿತ್ತು. ಯಾವ ಮನೆ ಎಂದು ನಮ್ಮನ್ನೇ ಕೇಳಿದರು. ಬೇವಿನ ಗಿಡವು ಬಾಗಲಿನ ಎಡಕ್ಕೋ ಬಲಕ್ಕೋ ಎಂದರೆ, ಯಾವ ಬೇವು ಎಂದರು. ಮರುವರ್ಷ ತೀರಿಕೊಂಡರು. ಆ ಮನೆಯು ಮೊದಲು ನೀರಿನಲ್ಲಿ ಮುಳುಗಿತು. ಎರಡನೆಯ ಸಾರಿ ನಮ್ಮ ಪೆಟ್ಟಿಗೆಯಲ್ಲಿ ಮುಳುಗಿತು.

ಆ ದಿನಗಳಲ್ಲಿ ವಿಮೋಚನಕಾಂಡದ 36ನೆಯ ಅಧ್ಯಾಯದಲ್ಲಿ, ನಾವು ಅನೇಕ ಸಾರಿ ಓದಿದರೂ ಲಕ್ಷ್ಯಕ್ಕೆ ತಾರದ ಒಂದು ಸಂಗತಿಯು ನಮ್ಮ ಕಣ್ಣಿಗೆ ಬಿತ್ತು. ದೇವದರ್ಶನದ ಗುಡಾರದ ಕೆಲಸಕ್ಕಾಗಿ ಜನರು ಪ್ರತಿದಿನ ಬೆಳಿಗ್ಗೆ ಕಾಣಿಕೆಗಳನ್ನು ತರುತ್ತಲೇ ಇದ್ದರು. ಆಗ ಬೆಚಲೇಲನೊಂದಿಗಿದ್ದ ಕೆಲಸಗಾರರು ತಮ್ಮ ತಮ್ಮ ಕೆಲಸವನ್ನು ಬಿಟ್ಟು ಮೋಶೆಯ ಬಳಿಗೆ ಬಂದು, ಜನರು ಬೇಕಾದದ್ದಕ್ಕಿಂತ ಹೆಚ್ಚಾಗಿ ತರುತ್ತಿದ್ದಾರೆಂದು ತಿಳಿಸಿದರು. ಮೋಶೆಯು ಪಾಳೆಯದಲ್ಲಿ ಸಾರಿಸಿ ಅದನ್ನು ನಿಲ್ಲಿಸಿದನು. ಸಾಕೆಂದು ಹೇಳಿದವರು ಯಾರು? ಕೊಡುವವರಲ್ಲ, ಹಣದ ಲೆಕ್ಕ ಇಡುವವರಲ್ಲ, ಕೆಲಸ ಮಾಡುವವರೇ. ಯಾಕಂದರೆ ಎಷ್ಟು ಬೇಕೆಂಬದು ಕೆಲಸಕ್ಕೆ ಕೈಹಾಕಿದವನಿಗೆ ಮಾತ್ರ ತಿಳಿಯುವದು. ಕೈಹಾಕದವನಿಗೆ ಎಷ್ಟಿದ್ದರೂ ಕಡಿಮೆಯೇ.

ಆದರೆ ಇದರಿಂದ ಲೇಖನಿಯನ್ನು ಪ್ರೀತಿಸಲೇಬಾರದೆಂದು ತಿಳಿಯಬೇಡಿರಿ. 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ಸಿಗೆ ಅಧ್ಯಕ್ಷರಾಗಿ ಬಂದ ಮಹಾತ್ಮಾ ಗಾಂಧಿಯವರ ವಿಷಯವಾಗಿ ಕಾಕಾ ಕಾಲೇಲಕರರು ಒಂದು ಸಂಗತಿಯನ್ನು ಬರೆದಿದ್ದಾರೆ. ಅದು ಮುಂಬಯಿಯ ಹಿಂದಿನ ಒಂದು ಕಾಂಗ್ರೆಸ್ಸಿನ ಕಾಲದ್ದು. ಗಾಂಧಿಯವರು ಏನನ್ನೋ ಬಹಳ ಹುಡುಕುತ್ತಿದ್ದರು. ಕೇಳಿದರೆ ಒಂದು ಚಿಕ್ಕ ಪೆನ್ಸಿಲಿನ ತುಂಡು. ಬೇರೆ ಪೆನ್ಸಿಲು ಕೊಡುತ್ತೇನೆಂದರೂ ಅವರು ಒಪ್ಪಲಿಲ್ಲ. ಯಾಕಂದರೆ ಅದನ್ನು ಮದರಾಸಿನಲ್ಲಿ ನಟೇಶನ್ನರ ಚಿಕ್ಕ ಮಗನು ಪ್ರೀತಿಯಿಂದ ಕೊಟ್ಟಿದ್ದನು. ಇಬ್ಬರೂ ಹುಡುಕಿ ಅದು ಸಿಕ್ಕಿದ ಮೇಲೆಯೇ ಅವರಿಗೆ ಸಮಾಧಾನವಾಯಿತು. ಸವೆದ ತುಂಡಿನ ಮೇಲೆ ಅಷ್ಟು ಪ್ರೀತಿ! ಪ್ರೀತಿಗೂ ಮೋಹಕ್ಕೂ ಇರುವ ಭೇದವು ಇಲ್ಲಿದೆ. ಪ್ರೀತಿಯು ಸವೆದದ್ದನ್ನು ಹುಡುಕುತ್ತದೆ. ಮೋಹವು ಸವೆಯದ್ದನ್ನು ಕೂಡಿಹಾಕುತ್ತದೆ.

ಒಬ್ಬನು ಹೀಗೆ ಕೇಳಬಹುದು: “ದಿನವೆಲ್ಲಾ ದುಡಿದು ಬಂದವನಿಗೆ ಒಂದು ಹೊಸ ಲೇಖನಿಯೇ ಸಂತೋಷವಾಗಿದ್ದರೆ ಅದನ್ನೂ ಕಸಕೊಳ್ಳುವಿರಾ?” ನಾವು ಕಸಕೊಳ್ಳುವದಿಲ್ಲ. ಒಂದು ಸುಂದರವಾದ ವಸ್ತುವನ್ನು ಕಣ್ತುಂಬ ನೋಡುವ ಹಕ್ಕು ಬಡವನಿಗೂ ಉಂಟು. ಅದಕ್ಕೆಲ್ಲಾ ಲೆಕ್ಕ ಕೇಳುವದು ಕಠಿಣ ಹೃದಯದವರ ಕೆಲಸ. ಕಾಯಿದೆಯನ್ನು ನಾವು ಹಾಕುತ್ತಿಲ್ಲ. ಮೂರು ಪ್ರಶ್ನೆಗಳನ್ನು ಮಾತ್ರ ಇಡುತ್ತೇವೆ. ಮೊದಲನೆಯದು, ಇದರ ಬೆಲೆಯನ್ನು ಮನೆಯವಳಿಗೆ ಸರಿಯಾಗಿ ಹೇಳಬಲ್ಲೆನೋ, ಅಥವಾ ಅರ್ಧ ಹೇಳುವೆನೋ? ಎರಡನೆಯದು, ಹಿಂದೆ ಕೊಂಡದ್ದು ಸವೆದಿದೆಯೋ? ಮೂರನೆಯದು, ನನಗಾಗಿ ಯಾರಾದರೂ ಕಾದು ಕೂತಿದ್ದಾರೋ? ಮೊದಲಿನ ಎರಡಕ್ಕೆ ಒಳ್ಳೆಯ ಉತ್ತರ ದೊರೆತರೂ ಮೂರನೆಯದಕ್ಕೆ ದೊರೆಯದಿದ್ದರೆ ಅಂಗಡಿಯ ಮೆಟ್ಟಲಿನಿಂದ ಇಳಿದುಬರುವದೇ ಮೇಲು. ಹಣದ ಸಾಲವನ್ನು ಮುಂದಿನ ಸುಗ್ಗಿಯಲ್ಲಿ ತೀರಿಸಬಹುದು. ಕಾದು ಕೂತವರ ಸಾಲವನ್ನು ತೀರಿಸುವ ದಿನವು ನಮ್ಮ ಕೈಯಲ್ಲಿಲ್ಲ.

ನಮ್ಮ ಪೆಟ್ಟಿಗೆಯ 27ರಲ್ಲಿ ನಾಲ್ಕು ಲೇಖನಿಗಳನ್ನು ಇಟ್ಟುಕೊಂಡು ಉಳಿದವುಗಳನ್ನು ಚಿತ್ರ ಕಲಿಯುವ ಮಕ್ಕಳಿಗೆ ಹಂಚಿದೆವು. ಅವರು ವಾರದೊಳಗೆ ಅರ್ಧದಷ್ಟು ನಿಬ್ಬುಗಳನ್ನು ಮುರಿದರು, ಮತ್ತು ನಾವು ವರ್ಷದಲ್ಲಿ ಬರೆದದ್ದಕ್ಕಿಂತ ಹೆಚ್ಚು ಚಿತ್ರಗಳನ್ನು ಬರೆದರು. ನಮ್ಮ ಆಶೆಯು ಸತ್ತಿತೆಂದು ಹೇಳಲಾರೆವು. ಕಾಗದದ ಅಂಗಡಿಯ ಮುಂದೆ ಇಂದಿಗೂ ಹೆಜ್ಜೆ ಮೆಲ್ಲಗಾಗುತ್ತದೆ.

ಮುತ್ಯಾನ ಮಗಳು ಹುಕ್ಕೇರಿಯ ಹತ್ತಿರದ ಒಂದು ಹಳ್ಳಿಯಲ್ಲಿದ್ದಾಳೆ. ಊರು ಬಿಡುವಾಗ ಅವಳು ಚಿಕ್ಕ ಹುಡುಗಿ. ಅವಳ ಬಳಿಗೆ ಹೋಗಿ, ಚೀಲದಲ್ಲಿದ್ದ ಪೆನ್ಸಿಲಿನಿಂದಲೇ, ಅವಳು ಹೇಳಿದಷ್ಟನ್ನು ಬರೆದೆವು. ಪಡಸಾಲೆ ಬಂತು, ಮೂರು ಕಂಬಗಳು ಬಂದವು, ಗ್ವಾದಲಿ ಬಂತು. ಬೇವಿನ ಗಿಡದ ಸ್ಥಳವು ಅವಳಿಗೂ ನೆನಪಿಲ್ಲ. ಅಂಗಳದ ಎರಡೂ ಮಗ್ಗಲುಗಳನ್ನು ಖಾಲಿಯಾಗಿ ಬಿಟ್ಟೆವು. ಆ ಚಿತ್ರವು ಈಗ ಅವಳ ಮನೆಯ ಗೋಡೆಯ ಮೇಲಿದೆ. ಮೊಮ್ಮಕ್ಕಳು ಅದನ್ನು ನೋಡುತ್ತಾರೆ.

ಆದಕಾರಣ, ಪ್ರಿಯರೇ, ನಿಮ್ಮಲ್ಲಿ ಯಾರಿಗಾದರೂ ಬರೆಯುವ, ಹಾಡುವ, ಕೆತ್ತುವ, ಹೊಲಿಯುವ ವರವಿದ್ದರೆ, ಕೈಯಲ್ಲಿ ಈಗ ಇರುವದನ್ನು ತಕ್ಕೊಂಡು ಇಂದೇ ಆರಂಭಿಸಿರಿ. ಅದು ಸವೆದ ಮೇಲೆ ಮತ್ತೊಂದನ್ನು ಸಂತೋಷದಿಂದ ಕೊಳ್ಳಿರಿ.