ಡಬಲ್ ಚೋಲ್

ಆಟಿ ತಿಂಗಳ ಮಳೆ. ಪುತ್ತೂರಿನ ಹತ್ತಿರದ ಮನೆಯೊಂದರ ಚಾವಡಿಯಲ್ಲಿ ಸುಲಿದ ಚಾಲಿ ಅಡಿಕೆಯ ರಾಶಿ. ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸಿ ನಿವೃತ್ತರಾದ ಮಾವ ಪಟೋರ, ಕರಿಗೋಟು ಎಂಬ ಕೆಳದರ್ಜೆಯ ಅಡಿಕೆ ಬೇರೆ ಮಾಡುತ್ತಾ ಕೂತಿದ್ದಾರೆ. ಅವರ ತಂಗಿಯ ಮಗಳಿಗೆ 2025ರ ನೀಟ್‌ನಲ್ಲಿ ಒಳ್ಳೆಯ ಅಂಕ ಬಂದಿದೆ. ಕಾರವಾರದ ಸರಕಾರಿ ಮೆಡಿಕಲ್ ಕಾಲೇಜು ಸಿಗಬಹುದೆಂದು ಅಂದಾಜು. ಬೆಂಗಳೂರು ಮೆಡಿಕಲ್ ಕಾಲೇಜಿಗೆ ಸಾಲದು. ಇನ್ನೊಂದು ವರ್ಷ ಲಾಂಗ್ ಟರ್ಮ್ ಕೋಚಿಂಗಿಗೆ ಕೂರುವುದೋ ಬೇಡವೋ? ಸೀಟೇ ಸಿಗದವರ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಬೇಗ ಸಿಗುತ್ತದೆ. ಸಿಕ್ಕಿದವರ ಮನೆಯಲ್ಲೇ ನಿದ್ದೆ ಕೆಡುವುದು. ನಾನು ಅಡಿಕೆ ಹೆಕ್ಕುವ ನೆಪದಲ್ಲಿ ಅಲ್ಲಿದ್ದೆ.

ಹುಡುಗಿ: ಮಾವ, ನೀವೇ ಹೋದ ವರ್ಷದ ಅಡಿಕೆ ಮಾರದೆ ಅಟ್ಟದಲ್ಲಿ ಇಟ್ಟಿದ್ದೀರಿ. ಹೊಸತಕ್ಕಿಂತ ಒಂದು ವರ್ಷ ಹಳೆಯ ಸಿಂಗಲ್ ಚೋಲಿಗೆ ರೇಟು ಜಾಸ್ತಿ, ಇನ್ನೂ ಒಂದು ವರ್ಷ ಇಟ್ಟು ಡಬಲ್ ಚೋಲಾದರೆ ಇನ್ನೂ ಜಾಸ್ತಿ ಅಂತ. ನಾನು ಒಂದು ವರ್ಷ ಕಾದರೆ ಮಾತ್ರ ತಪ್ಪಾ?

ಮಾವ: ತಪ್ಪು ಅಂತ ಯಾರು ಹೇಳಿದ್ದು? ಆದರೆ ಅಟ್ಟದಲ್ಲಿರುವ ಅಡಿಕೆ ನನ್ನದೇ ಆಗಿ ಇರ್ತದೆ. ರೇಟು ಬಿದ್ದರೆ ಕಡಿಮೆಗೆ ಮಾರಬಹುದು. ನಿನ್ನ ಈ ವರ್ಷದ ಅಂಕ ಮುಂದಿನ ವರ್ಷಕ್ಕೆ ಉಳೀತದಾ?

ಹುಡುಗಿ: ಇಲ್ಲ. ಸೀಟು ಈ ವರ್ಷಕ್ಕೆ ಮಾತ್ರ.

ಮಾವ: ನಿನ್ನ ಅಣ್ಣ ಜೆಇಇ ಮೇನ್ ಜನವರಿಯಲ್ಲೂ ಬರೆದ, ಏಪ್ರಿಲಿನಲ್ಲೂ ಬರೆದ. ಎರಡರಲ್ಲಿ ಒಳ್ಳೆಯದ್ದು ಲೆಕ್ಕ. ಈ ವರ್ಷ ಪಿಯುಸಿಗೂ ಮೂರು ಪರೀಕ್ಷೆ ಇತ್ತು, ಹೆಚ್ಚು ಬಂದದ್ದು ನಮ್ಮದು. ಅಂಥ ಕಡೆ ನೀನು ನನ್ನನ್ನು ಕೇಳಲೇಬೇಕಾಗಿರಲಿಲ್ಲ, ಹೋಗಿ ಬರಿ ಅಂತಿದ್ದೆ. ನೀಟ್ ಹಾಗಲ್ಲ ಮಾರಾಯ್ತಿ. ಕೈಯಲ್ಲಿದ್ದದ್ದನ್ನು ಹೊಳೆಗೆ ಬಿಟ್ಟೇ ಈಜಲಿಕ್ಕೆ ಇಳಿಯಬೇಕು.

ಹುಡುಗಿ: ಆದರೆ ನನಗೆ ಇನ್ನೂ ಹೆಚ್ಚು ಬರಬೇಕಿತ್ತು.

ಮಾವ: ಬರಬೇಕಿತ್ತು ಅಂದರೆ ಎಂತ? ಯಾರ ಲೆಕ್ಕದಲ್ಲಿ?

ಹುಡುಗಿ: ನನ್ನ ಲೆಕ್ಕದಲ್ಲಿ. ಫಿಸಿಕ್ಸ್ ಹೇಗಿತ್ತು ಅಂತ ನೀವೇ ನೋಡಿದ್ದೀರಲ್ಲ. 180 ನಿಮಿಷಕ್ಕೆ 180 ಪ್ರಶ್ನೆ. ಉಸಿರು ಬಿಡಲಿಕ್ಕೆ ಸಮಯ ಇರಲಿಲ್ಲ.

ಮಾವ: ಅದೇ ಪೇಪರು ಎಲ್ಲರಿಗೂ. 2024ರಲ್ಲಿ ಮೊದಲು ಬಂದ ಫಲಿತಾಂಶದಲ್ಲಿ 67 ಮಂದಿಗೆ 720ಕ್ಕೆ 720. ಈ ಸಲ ದೇಶಕ್ಕೇ ಮೊದಲು ಬಂದವನಿಗೆ 686. ಒಂದು ವರ್ಷದಲ್ಲಿ ಮಕ್ಕಳೆಲ್ಲ ದಡ್ಡರಾಗಿಬಿಟ್ಟರಾ? ಅಂಕ ನಿನ್ನದು, ಒಪ್ಪಿದೆ. ರ‍್ಯಾಂಕು ಮಾತ್ರ ಬರೆದ 22 ಲಕ್ಷ ಮಂದಿ ಸೇರಿ ಮಾಡಿದ್ದು. ಇರಲಿ, ಮಾಕ್ ಟೆಸ್ಟುಗಳಲ್ಲಿ ನಿಮ್ಮ ಬ್ಯಾಚಿಗೆ ನೀನು ಎಷ್ಟನೆಯವಳು?

ಹುಡುಗಿ: ನಾಲ್ಕರಿಂದ ಹತ್ತರ ಒಳಗೆ ಇರ್ತಿದ್ದೆ.

ಮಾವ: ನೀಟ್‌ನಲ್ಲಿ?

ಹುಡುಗಿ: ಆರನೆಯವಳು.

ಮಾವ: ಹಾಗಾದರೆ ಪರೀಕ್ಷೆ ನಿನಗೆ ಎಂತ ಅನ್ಯಾಯ ಮಾಡಿತು?

ಹುಡುಗಿ: ಮುಂದಿನ ವರ್ಷ ಆ ಐದು ಮಂದಿ ಇರುವುದಿಲ್ಲ ಮಾವ!

ಮಾವ: (ನಗುತ್ತಾ) ಬೇರೆ ಐದು ಮಂದಿ ಈಗ ಸೆಕೆಂಡ್ ಪಿಯುಸಿಯಲ್ಲಿ ಕೂತು ಓದುತ್ತಿದ್ದಾರೆ. ಮತ್ತೊಂದು ನೋಡು. ಜೆಇಇ ಅಡ್ವಾನ್ಸ್ಡ್‌ಗೆ ಸಾಲಾಗಿ ಎರಡು ವರ್ಷ ಅಂತ ಮಿತಿ ಉಂಟು. ನೀಟ್‌ಗೆ ವಯಸ್ಸಿನ ಮೇಲ್ಮಿತಿಯೂ ಇಲ್ಲ, ಇಷ್ಟೇ ಸಲ ಅಂತಲೂ ಇಲ್ಲ. ಒಳ್ಳೆಯ ನಿಯಮವೇ, ಬಡವರ ಮಕ್ಕಳಿಗೆ ಬೇಕು. ಆದರೆ ಸಾಕು ಅಂತ ಹೇಳುವ ಕೆಲಸವನ್ನು ಅದು ನಿನ್ನ ತಲೆಗೇ ಕಟ್ಟಿತು.

ಹುಡುಗಿ: ನೀವೂ ಒಮ್ಮೆ ಸಾಕು ಅಂದಿರಿ ಅಲ್ಲವಾ? ಪಿಎಚ್‌ಡಿಗೆ ಕರೆದಿದ್ದರಂತೆ, ಹೋಗಲಿಲ್ಲವಂತೆ. ಅಮ್ಮ ಹೇಳಿದಳು. ಅದು ತೃಪ್ತಿಯಾ, ಹೆದರಿಕೆಯಾ?

(ಮಾವ ಒಂದು ಅಡಿಕೆಯನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ.)

ಮಾವ: ತೋಟ ನೋಡುವವರಿಲ್ಲ ಅಂತ ಎಲ್ಲರಿಗೂ ಹೇಳಿದೆ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಆದ್ದರಿಂದ ನನ್ನ ಮಾತನ್ನು ಅರ್ಧ ನಂಬು, ಸಾಕು. ಬೆಂಗಳೂರೇ ಯಾಕೆ, ಅದು ಹೇಳು.

ಹುಡುಗಿ: ವಿಕ್ಟೋರಿಯಾ ಆಸ್ಪತ್ರೆ. ಅಲ್ಲಿಗೆ ಬರುವಷ್ಟು ರೋಗಿಗಳು ಸಣ್ಣ ಊರಲ್ಲಿ ನೋಡಲಿಕ್ಕೆ ಸಿಗುವುದಿಲ್ಲ. ಡಾಕ್ಟರಾಗುವವರಿಗೆ ರೋಗಿಗಳೇ ಪುಸ್ತಕ ಅಲ್ಲವಾ?

ಮಾವ: ಇದು ಸರಿಯಾದ ಕಾರಣ. ಪಿಜಿ ಸೀಟಿಗೆ ಹೇಗೂ ಎಲ್ಲರೂ ಒಂದೇ ನೀಟ್ ಪಿಜಿ ಬರೆಯಬೇಕು, ಕಾಲೇಜು ಯಾವುದಾದರೆ ಎಂತ ಅಂತ ಹೇಳುವವನಿದ್ದೆ. ಈ ಮಾತಿನ ಎದುರು ಅದು ನಿಲ್ಲುವುದಿಲ್ಲ.

ಅತ್ತೆ: (ಚಹಾ ತಂದಿಡುತ್ತಾ) ಒಂದು ಕೇಳ್ತೇನೆ. ಈಗಿನ ಇದೇ ಅಂಕಕ್ಕೆ ಬೆಂಗಳೂರಲ್ಲೇ ಸೀಟು ಕೊಡ್ತೇವೆ ಅಂತ ನಾಳೆ ಫೋನು ಬಂದರೆ ನಿನಗೆ ನಿದ್ದೆ ಬರ್ತದಾ?

ಹುಡುಗಿ: ... ಗೊತ್ತಿಲ್ಲ ಅತ್ತೆ. ಆ ಲೆನ್ಸಿನ ಲೆಕ್ಕ ಉಂಟಲ್ಲ, ಗೊತ್ತಿದ್ದ ಲೆಕ್ಕ. ಗೊತ್ತಿದ್ದೂ ತಪ್ಪು ವೃತ್ತಕ್ಕೆ ಶಾಯಿ ತುಂಬಿದೆ. ನಾಲ್ಕು ಬರಲಿಲ್ಲ, ಒಂದು ಕಳೆದರು. ಒಟ್ಟು ಐದು. ಕಣ್ಣು ಮುಚ್ಚಿದರೆ ಆ ಕಪ್ಪು ಚುಕ್ಕೆಯೇ ಕಾಣ್ತದೆ.

(ಇಷ್ಟು ಹೊತ್ತು ನಾವು ಕಾಲೇಜಿನ ವಿಷಯ ಮಾತಾಡುತ್ತಿದ್ದೇವೆ ಅಂದುಕೊಂಡಿದ್ದೆ.)

ಮಾವ: ಆ ಚುಕ್ಕೆ ಅಳಿಸಲಿಕ್ಕೆ ಮುಂದಿನ ಮೇ ತಿಂಗಳಲ್ಲಿ ಕೂತರೂ ಆ ಲೆಕ್ಕ ಅಲ್ಲಿ ಇರುವುದಿಲ್ಲ. ಹೊಸ 180 ಪ್ರಶ್ನೆ, ಹೊಸ ಚುಕ್ಕೆಗಳು.

ಹುಡುಗಿ: ಹಾಗೆ ನೋಡಿದರೆ ಯಾರೂ ಯಾವುದನ್ನೂ ಎರಡನೆಯ ಸಲ ಮಾಡಲೇಬಾರದು. ನೀವು ಮೂವತ್ತು ವರ್ಷ ಅದೇ ಪಾಠ ಯಾಕೆ ಮಾಡಿದಿರಿ? ಎರಡನೆಯ ಸಲ ಚೆನ್ನಾಗಿ ಆಗ್ತದೆ ಅಂತಲೇ ತಾನೆ?

ಮಾವ: ಚೆನ್ನಾಗಿ ಆಗ್ತಿತ್ತು, ಹೌದು. ಆದರೆ ಮೊದಲನೆಯ ವರ್ಷದ ಮಕ್ಕಳಿಗೆ ಕೊಟ್ಟ ಕೆಟ್ಟ ಪಾಠ ರಿಪೇರಿ ಮಾಡಲಿಕ್ಕೆ ಅಂತ ಎರಡನೆಯ ವರ್ಷ ಕ್ಲಾಸಿಗೆ ಹೋದವನಲ್ಲ ನಾನು. ವಿಕ್ಟೋರಿಯಾಕ್ಕೆ ಅಂತ ಕೂರುವುದಾದರೆ ನಾನೇ ಫೀಸು ಕಟ್ಟುತ್ತೇನೆ. ಚುಕ್ಕೆಗಾಗಿ ಆದರೆ ಒಂದು ರೂಪಾಯಿ ಕೊಡುವುದಿಲ್ಲ. ಯಾವುದಕ್ಕೆ ಅಂತ ನೀನೇ ಹೇಳಬೇಕು. ಲೆಕ್ಕ ನೆನಪುಂಟಾ?

ಹುಡುಗಿ: ಬಾಯಿಪಾಠ.

ಮಾವ ಜೇಬಿನಿಂದ ಅಡಿಕೆ ಮಾರಿದ ಹಳೆಯ ಬಿಲ್ಲೊಂದನ್ನು ತೆಗೆದು ಮಗುಚಿ ಕೊಟ್ಟರು. ಹುಡುಗಿ ಗೋಣಿಯ ಮೇಲೆ ಕಾಗದ ಇಟ್ಟು ಬರೆದಳು. ಎರಡು ನಿಮಿಷವೂ ಆಗಲಿಲ್ಲ. ಉತ್ತರ ಬರೆದು ಅಡಿಗೆರೆ ಎಳೆದಳು. ಮಾವ ನೋಡಿದರು, ಏನೂ ಹೇಳಲಿಲ್ಲ. ಅವಳು ಮತ್ತೊಮ್ಮೆ ನೋಡಿ, ಅಯ್ಯೋ ಅಂದಳು. ಕಾನ್‌ಕೇವ್ ಲೆನ್ಸಿನ ಮೈನಸ್ ಈ ಸಲವೂ ಬಿಟ್ಟುಹೋಗಿತ್ತು. ಬೋರ್ಡಿನ ಎದುರು ಸಿಕ್ಕಿಬಿದ್ದವಳ ಹಾಗೆ ಒಂದು ಕ್ಷಣ ಕೂತು, ಆಮೇಲೆ ತಡೆಯಲಾರದೆ ನಕ್ಕಳು. ಅತ್ತೆಗೆ ಏನೂ ಅರ್ಥವಾಗದಿದ್ದರೂ ಅವರೂ ನಕ್ಕರು.

ಮಾವ: ಆಪ್ಷನ್ ಎಂಟ್ರಿಗೆ ಕೊನೆಯ ದಿನ ಯಾವಾಗ?

ಹುಡುಗಿ: ನಾಡಿದ್ದು.

ಮಾವ: ಹಾಗಾದರೆ ಮೊದಲು ಈ ಗೋಣಿಯ ಬಾಯಿ ಹಿಡಿ. ಮಳೆಗೆ ಬೂಸ್ಟು ಬಂದರೆ ಯಾವ ಚೋಲೂ ಇಲ್ಲ.

ಅವಳು ಮೈನಸ್ ಸೇರಿಸಿ, ಬಿಲ್ಲನ್ನು ಮಡಚಿ ಕಿಸೆಗೆ ಹಾಕಿಕೊಂಡು, ಗೋಣಿಯ ಬಾಯಿ ಹಿಡಿದಳು.