ವಾಹನ ಚಾಲನೆಯಲ್ಲಿ ಈರ್ಯಾಸಮಿತಿ

ಮುನಿಗಳಿಗೆ ವಿಧಿಸಿರುವ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾಸಮಿತಿ. ಹಗಲು ಬೆಳಕಿನಲ್ಲಿ, ಜನರೂ ದನಕರುಗಳೂ ಈಗಾಗಲೇ ತುಳಿದ ದಾರಿಯಲ್ಲಿ, ಮುಂದಿನ ನಾಲ್ಕು ಮೊಳದಷ್ಟು ನೆಲವನ್ನು ನೋಡುತ್ತ ನಡೆಯಬೇಕೆಂಬುದು ಅದರ ತಾತ್ಪರ್ಯ. ನಾಲ್ಕು ಮೊಳವೆಂದರೆ ಸುಮಾರು ಆರು ಅಡಿ. ನಡೆಯುವವನು ಇರುವೆಯ ಸಾಲೊಂದನ್ನು ಕಂಡೊಡನೆ ಎತ್ತಿದ ಹೆಜ್ಜೆಯನ್ನು ಬೇರೆಡೆ ಇಡಲು ಅಷ್ಟು ದೂರ ಧಾರಾಳವಾಗಿ ಸಾಕು. ಕಂಡಷ್ಟು ನೆಲದೊಳಗೆ ತನ್ನನ್ನು ತಡೆದುಕೊಳ್ಳಬಲ್ಲ ಸಾಮರ್ಥ್ಯವೇ ಈ ಸಮಿತಿಯ ತಿರುಳು. ಇದು ಮಹಾವ್ರತಿಗಳ ನಿಯಮ, ಗೃಹಸ್ಥರಿಗೆ ಇದರ ಕಟ್ಟಿಲ್ಲವೆಂಬುದು ನಿಜ. ಆದರೆ ಗೃಹಸ್ಥನು ಇಂದು ಕಾಲಿನಿಂದ ನಡೆಯುವುದನ್ನು ಬಹುಮಟ್ಟಿಗೆ ಬಿಟ್ಟಿದ್ದಾನೆ. ಒಂದು ಟನ್ನಿನಷ್ಟು ತೂಕದ ಯಂತ್ರದೊಳಗೆ ಕುಳಿತು ಸಾಗುತ್ತಾನೆ. ಅವನಿಗೆ ನಾಲ್ಕು ಮೊಳವೆಂದರೆ ಎಷ್ಟು ಎಂಬ ಪ್ರಶ್ನೆ ವಿಚಾರಾರ್ಹವಾದುದು.

ಇದಕ್ಕೆ ಶಾಸ್ತ್ರಕ್ಕಿಂತ ಮೊದಲು ಗಣಿತ ಉತ್ತರ ಹೇಳುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಎದುರಿಗೆ ಏನೋ ಕಂಡಿತೆಂದು ಮನಸ್ಸು ಗ್ರಹಿಸಿ ಕಾಲು ಬ್ರೇಕನ್ನು ಒತ್ತುವಷ್ಟರಲ್ಲಿ ಎಚ್ಚರವಾಗಿರುವವನಿಗೂ ಒಂದು ಸೆಕೆಂಡು ಕಳೆಯುತ್ತದೆ. ಅನಂತರ ಒಣಗಿದ ಒಳ್ಳೆಯ ರಸ್ತೆಯಲ್ಲಿ ವಾಹನ ನಿಲ್ಲಲು ಇನ್ನೂ 20 ಮೀಟರ್ ಬೇಕು. ಒಟ್ಟು 37 ಮೀಟರ್. ವೇಗವನ್ನು 80ಕ್ಕೆ ಏರಿಸಿದರೆ ಈ ದೂರ 57 ಮೀಟರಿಗೂ, 100ಕ್ಕೆ ಏರಿಸಿದರೆ 83 ಮೀಟರಿಗೂ ಹೋಗುತ್ತದೆ. ಬ್ರೇಕು ಹಿಡಿದ ಮೇಲೆ ಸಾಗುವ ದೂರವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದೇ ಇದಕ್ಕೆ ಕಾರಣ. ರಾತ್ರಿ ಕೆಳಗಿಳಿಸಿದ ದೀಪದ ಬೆಳಕು ಎದುರಿನ 40-50 ಮೀಟರುಗಳಷ್ಟನ್ನು ಮಾತ್ರ ಚೆನ್ನಾಗಿ ತೋರಿಸುತ್ತದೆ. ಆ ಬೆಳಕಿನಲ್ಲಿ 80ರ ವೇಗದಿಂದ ಹೋಗುವವನು ತಾನು ಕಾಣದ ನೆಲದ ಮೇಲೆ ಓಡುತ್ತಿದ್ದಾನೆಂದೇ ಅರ್ಥ. ಕಣ್ಣು ಮುಚ್ಚಿ ನಡೆಯುವವನನ್ನು ಲೋಕ ಹುಚ್ಚನೆನ್ನುತ್ತದೆ. ಈತನನ್ನು ಮಾತ್ರ ಜಾಣ ಚಾಲಕನೆಂದು ಹೊಗಳುವುದುಂಟು.

ಇಷ್ಟೆಲ್ಲ ಮಾಡಿ ಗಳಿಸುವುದೇನು? ಇಪ್ಪತ್ತು ಕಿಲೋಮೀಟರ್ ದಾರಿಯನ್ನು 60ರ ಬದಲು 80ರ ವೇಗದಲ್ಲಿ ಕ್ರಮಿಸಿದರೆ ಉಳಿಯುವುದು ಐದು ನಿಮಿಷ. ಅದೂ ದಾರಿಯುದ್ದಕ್ಕೂ ಯಾವ ತಡೆಯೂ ಇಲ್ಲದಿದ್ದರೆ. ಲಾಭ ನಷ್ಟಗಳನ್ನು ಬಲ್ಲ ಯಾವ ವ್ಯಾಪಾರಿಯೂ ತನ್ನ ಅಂಗಡಿಯಲ್ಲಿ ಇಂಥ ವ್ಯವಹಾರಕ್ಕೆ ಒಪ್ಪುವುದಿಲ್ಲ.

ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 4,61,312 ಅಪಘಾತಗಳಾಗಿ 1,68,491 ಮಂದಿ ಮರಣಹೊಂದಿದರು. ಮೃತರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮಂದಿಯ ಸಾವಿಗೆ ಅತಿವೇಗವೇ ಕಾರಣವೆಂದು ಅದೇ ವರದಿ ಹೇಳುತ್ತದೆ. ಕಾಲುನಡಿಗೆಯಲ್ಲಿದ್ದು ಸತ್ತವರು 32,825. ತಲೆಗೆ ಹೆಲ್ಮೆಟ್ ಇಲ್ಲದೆ ಸತ್ತ ದ್ವಿಚಕ್ರ ಸವಾರರು ಐವತ್ತು ಸಾವಿರಕ್ಕೂ ಹೆಚ್ಚು. ಇವು ಮನುಷ್ಯರ ಲೆಕ್ಕ ಮಾತ್ರ. ಚಕ್ರಕ್ಕೆ ಸಿಲುಕಿದ ನಾಯಿ, ಹಾವು, ಕಪ್ಪೆ, ಮುಂಗುಸಿಗಳ ಎಣಿಕೆಯನ್ನು ಯಾವ ಇಲಾಖೆಯೂ ಇಡುವುದಿಲ್ಲ.

ಹಿಂಸೆಯೆಂದರೇನು ಎಂಬುದಕ್ಕೆ ತತ್ತ್ವಾರ್ಥಸೂತ್ರವು ಕೊಡುವ ಲಕ್ಷಣದಲ್ಲಿ ಪ್ರಾಣಹರಣಕ್ಕಿಂತ ಮೊದಲು ಬರುವುದು ಪ್ರಮಾದ. ಆಚಾರ್ಯ ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ವಿಸ್ತರಿಸಿ, ಎಚ್ಚರದಿಂದ ನಡೆಯುವವನಿಂದ ಜೀವವೊಂದು ಅಕಸ್ಮಾತ್ತಾಗಿ ಅಳಿದರೂ ಅವನಿಗೆ ಹಿಂಸೆಯ ದೋಷ ತಟ್ಟದೆಂದೂ, ಪ್ರಮತ್ತನಾದವನಿಗೆ ಜೀವ ಸಾಯಲಿ ಬಿಡಲಿ ಆ ದೋಷ ತಪ್ಪದೆಂದೂ ಪ್ರತಿಪಾದಿಸಿದ್ದಾರೆ. ಮೊಬೈಲ್ ಫೋನು ಕಿವಿಗಿಟ್ಟುಕೊಂಡು, ತಿರುವಿನಲ್ಲಿ ಲಾರಿಯನ್ನು ಹಿಂದೆ ಹಾಕಿ, ಯಾರಿಗೂ ಏನೂ ಆಗದೆ ಮನೆ ಸೇರಿದವನ ವಿಷಯದಲ್ಲಿ ಲೋಕದ ತೀರ್ಮಾನ ಒಂದು, ಶಾಸ್ತ್ರದ ತೀರ್ಮಾನ ಇನ್ನೊಂದು. ಎದುರಿನಿಂದ ಆ ಕ್ಷಣ ಯಾರೂ ಬಾರದಿದ್ದುದು ಅವನ ಪುಣ್ಯವಿರಬಹುದು, ಅವನ ಗುಣವಂತೂ ಅಲ್ಲ. ಸರ್ಕಾರದ ಕಾನೂನು ಇಲ್ಲಿ ಮಧ್ಯಮಾರ್ಗ ಹಿಡಿದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಂತೆ ನಿರ್ಲಕ್ಷ್ಯದಿಂದ ಮರಣವುಂಟುಮಾಡಿದವನಿಗೆ ಐದು ವರ್ಷಗಳವರೆಗೆ ಸೆರೆವಾಸ. ಯಾರಿಗೂ ಪೆಟ್ಟಾಗದಿದ್ದರೂ ಪ್ರಾಣಾಪಾಯವಾಗುವಂತೆ ವಾಹನ ಓಡಿಸಿದವನಿಗೆ ಆರು ತಿಂಗಳವರೆಗೆ. ಎರಡನೆಯ ನಿಯಮವು ಪ್ರಮಾದವನ್ನೇ ಅಪರಾಧವೆಂದು ಗುರುತಿಸಿದೆ, ಆದರೂ ಶಿಕ್ಷೆಯ ತೂಕ ಫಲವನ್ನು ನೋಡಿ ಬದಲಾಗುತ್ತದೆ. ನ್ಯಾಯಾಲಯಕ್ಕೆ ಮನಸ್ಸಿನೊಳಗೆ ಇಣುಕಲಾಗದು, ಆದುದರಿಂದ ಅದನ್ನು ತಪ್ಪೆನ್ನಲಾಗದು. ತನ್ನ ಮನಸ್ಸನ್ನು ತಾನೇ ಬಲ್ಲವನಿಗೆ ಮಾತ್ರ ಈ ರಿಯಾಯಿತಿ ಇಲ್ಲ.

ಅಪಘಾತವಾದ ಮೇಲೆ ಹೇಳುವ ಮಾತೊಂದಿದೆ: ಅವನ ಆಯುಸ್ಸು ಅಷ್ಟೇ ಇತ್ತು, ಯಾರೇನು ಮಾಡಲಾದೀತು. ದುಃಖಿತರನ್ನು ಸಂತೈಸಲು ಆಡಿದ ಮಾತಾದರೆ ಆಕ್ಷೇಪವಿಲ್ಲ. ಕಾರು ಓಡಿಸಿದವನೇ ಆಡಿದರೆ ಅದು ಸಿದ್ಧಾಂತಕ್ಕೆ ವಿರುದ್ಧವಾದುದು. ದೇವತೆಗಳು, ನಾರಕಿಗಳು, ಚರಮೋತ್ತಮ ದೇಹಿಗಳು ಮತ್ತು ಅಸಂಖ್ಯಾತ ವರ್ಷಗಳ ಆಯುಸ್ಸುಳ್ಳವರು, ಇಂಥವರ ಆಯುಸ್ಸು ನಡುವೆ ಕಡಿಯದು ಎಂದು ತತ್ತ್ವಾರ್ಥಸೂತ್ರವು ಪಟ್ಟಿಮಾಡಿ ಹೇಳುತ್ತದೆ. ಎಂದಮೇಲೆ ಉಳಿದವರ ಆಯುಸ್ಸು ವಿಷ, ಶಸ್ತ್ರ, ಅಗ್ನಿ ಮೊದಲಾದ ಬಾಹ್ಯ ಕಾರಣಗಳಿಂದ ಅವಧಿಗೆ ಮುನ್ನವೇ ಮುಗಿಯಬಹುದೆಂಬುದು ಟೀಕಾಕಾರರ ಅಭಿಪ್ರಾಯ. ರಸ್ತೆ ದಾಟುತ್ತಿದ್ದ ಮುದುಕಿಯೂ ಶಾಲೆಗೆ ಹೊರಟ ಹುಡುಗನೂ ಉಳಿದವರ ಗುಂಪಿಗೇ ಸೇರಿದವರು. ಅವರ ಪಾಲಿಗೆ ಆ ಬಾಹ್ಯ ಕಾರಣವಾದವನು ಕರ್ಮಸಿದ್ಧಾಂತದ ಮರೆಯಲ್ಲಿ ಅಡಗಿಕೊಳ್ಳಲು ಅವಕಾಶವಿಲ್ಲ.

ಇನ್ನು ಕೃತ, ಕಾರಿತ, ಅನುಮೋದನೆಗಳ ವಿಚಾರ. ಸ್ಥಿತಿವಂತ ಮನೆಗಳಲ್ಲಿ ವಾಹನ ನಡೆಸುವವನು ಸಾಮಾನ್ಯವಾಗಿ ಸಂಬಳದ ಚಾಲಕ. ಹಿಂದಿನ ಸೀಟಿನಿಂದ "ಸ್ವಲ್ಪ ಬೇಗ ಹೋಗಪ್ಪ" ಎನ್ನುವ ಒಡೆಯನು ಕಾರಿತಕ್ಕೆ ಭಾಗಿ. ಹೇಳದೆಯೂ, ವೇಗಕ್ಕೆ ತಲೆದೂಗುವ ಮಕ್ಕಳು ಅನುಮೋದನೆಗೆ ಭಾಗಿಗಳು. ಸೂರ್ಯಾಸ್ತದ ಅನಂತರ ಅನ್ನ ಮುಟ್ಟದ ಕುಟುಂಬಗಳು ಸಮಾಜದಲ್ಲಿ ಈಗಲೂ ಅನೇಕವಿವೆ, ಅದು ಗೌರವಿಸತಕ್ಕ ನಿಷ್ಠೆ. ಆದರೆ ಅಂಥ ಕುಟುಂಬವೇ ಬೆಳಗಿನ ಅಭಿಷೇಕಕ್ಕೆ ತಲುಪಬೇಕೆಂದು ರಾತ್ರಿ ಹತ್ತಕ್ಕೆ ಕಾರು ಹತ್ತುತ್ತದೆ. ಹಗಲೆಲ್ಲ ದುಡಿದ ಚಾಲಕನಿಂದ ರಾತ್ರಿಯಿಡೀ ಓಡಿಸುತ್ತದೆ. ಸೂಕ್ಷ್ಮಜೀವಿಗಳು ಬಾಯಿಗೆ ಬೀಳಬಾರದೆಂದು ರಾತ್ರಿಭೋಜನ ತ್ಯಜಿಸಿದವರ ಕಾರಿನ ಮುಂದಿನ ಗಾಜಿನ ಮೇಲೆ ಬೆಳಗಾಗುವಷ್ಟರಲ್ಲಿ ಎಷ್ಟು ಹುಳುಗಳು ಅಂಟಿರುತ್ತವೆ ಎಂಬುದನ್ನು ತೊಳೆಯುವವನೇ ಬಲ್ಲ. ಆ ಚಾಲಕನ ರೆಪ್ಪೆಗಳು ನಸುಕಿನ ನಾಲ್ಕು ಗಂಟೆಗೆ ಮುಚ್ಚಿಕೊಂಡರೆ ಆಗುವ ಅನಾಹುತವಂತೂ ಬೇರೆಯೇ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಮೊದಲನೆಯದು ಅತಿವಾಹನ, ಕಡೆಯದು ಅತಿಭಾರವಹನ. ಎತ್ತು ಮೊದಲಾದವುಗಳನ್ನು ಅವುಗಳ ಶಕ್ತಿಗೆ ಮೀರಿ ದೂರ ನಡೆಸುವುದು ಒಂದು, ಶಕ್ತಿಗೆ ಮೀರಿ ಹೇರುವುದು ಇನ್ನೊಂದು. ಅತಿಭಾರವನ್ನು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಎಣಿಸಿಯೂ ಮತ್ತೆ ಲೋಭದ ಪ್ರಕರಣದಲ್ಲಿ ಸೇರಿಸಿದ ಔಚಿತ್ಯ ಗಮನಾರ್ಹವಾದುದು. ಎತ್ತನ್ನು ಹೆಚ್ಚು ದೂರ ಅಟ್ಟುವವನಿಗೆ ಎತ್ತಿನ ಮೇಲೆ ದ್ವೇಷವಿಲ್ಲ, ಒಂದು ಸುತ್ತು ಹೆಚ್ಚು ಬಾಡಿಗೆ ಸಿಕ್ಕೀತೆಂಬ ಆಸೆಯಿದೆ. ಎತ್ತಿನ ಜಾಗದಲ್ಲಿ ಈಗ ಲಾರಿಯ ಚಾಲಕನಿದ್ದಾನೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಅಧಿನಿಯಮವು ಸಾಮಾನ್ಯವಾಗಿ ದಿನಕ್ಕೆ ಎಂಟು ಗಂಟೆ ದುಡಿಮೆಯನ್ನೂ, ಐದು ಗಂಟೆಗೊಮ್ಮೆ ಅರ್ಧ ಗಂಟೆ ವಿಶ್ರಾಂತಿಯನ್ನೂ ವಿಧಿಸಿತು. ಸರಕು ನಾಳೆ ಬೆಳಿಗ್ಗೆಯೇ ತಲುಪಬೇಕೆಂದು ಪಟ್ಟುಹಿಡಿಯುವ ವರ್ತಕನು ಈ ಗಂಟೆಗಳನ್ನು ಎಣಿಸಿದ್ದಾನೆಯೇ ಎಂಬುದನ್ನು ಅವನೇ ಹೇಳಬೇಕು.

ಇಂಧನದ ಪ್ರಶ್ನೆಯೂ ಲೋಭ-ಸಂಯಮಗಳ ನಡುವಣ ಪ್ರಶ್ನೆಯೇ. ಅನರ್ಥದಂಡದ ಐದು ಭೇದಗಳಲ್ಲಿ ಒಂದಾದ ಪ್ರಮಾದಚರ್ಯೆಗೆ ಸಮಂತಭದ್ರರು ಕೊಡುವ ಉದಾಹರಣೆಗಳಲ್ಲಿ ನಿಷ್ಪ್ರಯೋಜಕವಾಗಿ ಬೆಂಕಿ ಉರಿಸುವುದೂ, ಸುಮ್ಮನೆ ಅಲೆಯುವುದೂ ಅಲೆಸುವುದೂ ಸೇರಿವೆ. ಎಂಜಿನ್ನಿನೊಳಗೆ ಉರಿಯುವುದೂ ಬೆಂಕಿಯೇ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಮದುವೆ ಮಂಟಪದ ಮುಂದೆ ಹವಾನಿಯಂತ್ರಣಕ್ಕಾಗಿ ಅರ್ಧ ಗಂಟೆ ಎಂಜಿನ್ ಓಡಿಸುತ್ತ ನಿಂತ ಕಾರು ಒಂದು ಅಂಗುಲವೂ ಮುಂದೆ ಹೋಗದೆ ಕಾಲು ಲೀಟರಿಗೂ ಹೆಚ್ಚು ಸುಡಬಲ್ಲದು. ವೇಗ 60ರಿಂದ 90ಕ್ಕೆ ಏರಿದರೆ ಗಾಳಿಯ ಪ್ರತಿರೋಧ ಎರಡೂಕಾಲು ಪಟ್ಟಾಗುತ್ತದೆ. 1978ರಲ್ಲಿ ಸ್ಥಾಪಿತವಾದ ಪೆಟ್ರೋಲಿಯಂ ಸಂರಕ್ಷಣ ಸಂಶೋಧನ ಸಂಸ್ಥೆಯು 45-55 ಕಿಲೋಮೀಟರಿನ ಸಮವೇಗವನ್ನು ಬೋಧಿಸುತ್ತ ಬಂದಿರುವುದು ಇದಕ್ಕಾಗಿಯೇ. ಚಕ್ರಗಳಲ್ಲಿ ಸರಿಯಾದ ಗಾಳಿ, ಕ್ಲಚ್ಚಿನ ಮೇಲೆ ಕಾಲಿಡದಿರುವುದು ಇತ್ಯಾದಿ ಎಲ್ಲರೂ ಬಲ್ಲವೇ.

ಹಾಗೆಂದು ಇಂಧನದ ಉಳಿತಾಯವೆಲ್ಲ ಸಂಯಮವಲ್ಲ. ಚಾರ್ಮಾಡಿ, ಶಿರಾಡಿ, ಆಗುಂಬೆ ಘಾಟಿಗಳನ್ನು ಇಳಿಯುವಾಗ ಡೀಸೆಲ್ ಉಳಿಸಲೆಂದು ಎಂಜಿನ್ ಆರಿಸಿ ವಾಹನವನ್ನು ತಾನಾಗಿ ಉರುಳಲು ಬಿಡುವವರುಂಟು. ಎಂಜಿನ್ ನಿಂತರೆ ಬ್ರೇಕಿಗೆ ಒದಗುವ ಸಹಾಯಕ ಶಕ್ತಿ ಕುಂದುತ್ತದೆ, ಸ್ಟೀರಿಂಗ್ ಗಡುಸಾಗುತ್ತದೆ, ಗೇರಿನ ಹಿಡಿತವೂ ಇಲ್ಲದೆ ಬ್ರೇಕುಗಳು ಕಾಯ್ದು ಕೈಕೊಡುತ್ತವೆ. ಒಂದೆರಡು ಲೀಟರಿಗಾಗಿ ಬಸ್ಸಿನ ತುಂಬ ಜನರನ್ನು ಪಣವಾಗಿಡುವ ಈ ಜಾಣತನ ಅತಿವಾಹನದ ಸಹೋದರನೇ ಹೊರತು ವ್ರತವಲ್ಲ. ವಿದ್ಯುತ್ ವಾಹನ ಕೊಂಡವರು ಹೊಗೆಯಿಲ್ಲವೆಂದು ಸಮಾಧಾನಪಡುವುದು ಯುಕ್ತವೇ. ಅದರ ತೂಕವೂ ವೇಗವೂ ಮಾತ್ರ ಉಳಿದವುಗಳಂತೆಯೇ ಕೊಲ್ಲಬಲ್ಲವು.

ಅನರ್ಥದಂಡದ ಇನ್ನೊಂದು ಭೇದ ಹಿಂಸಾದಾನ, ಎಂದರೆ ಹಿಂಸೆಯ ಉಪಕರಣಗಳನ್ನು ಇನ್ನೊಬ್ಬರ ಕೈಗೆ ಕೊಡುವುದು. ಕತ್ತಿ ಕೊಡಲಿಗಳನ್ನು ಎರವಲು ಕೊಡಲು ಹಿಂಜರಿಯುವ ಗೃಹಸ್ಥನು ಹದಿನೈದು ವರ್ಷದ ಮಗನಿಗೆ ಸ್ಕೂಟರಿನ ಬೀಗದ ಕೈಯನ್ನು ಪ್ರೀತಿಯಿಂದ ಕೊಡುತ್ತಾನೆ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಯು ಇಂಥ ಸಂದರ್ಭದಲ್ಲಿ ತಂದೆಗೆ ಅಥವಾ ವಾಹನದ ಒಡೆಯನಿಗೆ ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ ವಿಧಿಸಬಹುದು. ಶಾಸ್ತ್ರಕಾರರು ಎಂದೋ ಕಂಡ ದೋಷವನ್ನು ಕಾಯಿದೆ ತಡವಾಗಿಯಾದರೂ ಕಂಡಿತು.

ದಾರಿಯ ಮೇಲೆ ಮೂಕಜೀವಿಗಳಿಗೂ ಹಕ್ಕುಂಟೆಂದು ಲೌಕಿಕ ಶಾಸನವೇ ಒಪ್ಪಿದ ನಿದರ್ಶನ ಕರ್ನಾಟಕದಲ್ಲಿದೆ. ಬಂಡೀಪುರದ ಕಾಡಿನ ನಡುವಣ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವನ್ನು ಚಾಮರಾಜನಗರ ಜಿಲ್ಲಾಡಳಿತವು 2009ರಲ್ಲಿ ನಿಷೇಧಿಸಿತು. 2010ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ವ್ಯಾಪಾರಕ್ಕೆ ತೊಂದರೆಯೆಂದು ಅಂದಿನಿಂದ ಆಕ್ಷೇಪಗಳು ಬರುತ್ತಲೇ ಇವೆ. ಒಂಬತ್ತು ಗಂಟೆ ಕಾಯುವುದು ವರ್ತಕನಿಗೆ ಸುಲಭವಲ್ಲ. ಆದರೆ ವರ್ಷಕ್ಕೆ ನಾಲ್ಕು ತಿಂಗಳು ಜೀವದಯೆಗಾಗಿಯೇ ಸಂಚಾರ ನಿಲ್ಲಿಸುವ ಮುನಿಗಳಿಗೆ ನಮಸ್ಕರಿಸುವ ಸಮಾಜವು ಈ ಕಾಯುವಿಕೆಯನ್ನು ಅನ್ಯರಿಗಿಂತ ಚೆನ್ನಾಗಿ ಅರಿಯಬೇಕು.

ಆ ಮುನಿಗಳ ಗತಿಯೇ ಇಂದು ಕಳವಳಕಾರಿಯಾಗಿದೆ. ವಿಹಾರದಲ್ಲಿದ್ದ ಸಾಧು ಸಾಧ್ವಿಯರು ಮುಂಜಾನೆಯ ಮಬ್ಬಿನಲ್ಲಿ ಹೆದ್ದಾರಿಯ ಅಂಚಿನಲ್ಲಿ ವಾಹನಗಳಿಗೆ ಸಿಲುಕಿ ಕಾಲವಶರಾದ ಸುದ್ದಿಗಳು ದೇಶದ ನಾನಾ ಭಾಗಗಳಿಂದ ಬಂದಿವೆ. ನಾಲ್ಕು ಮೊಳ ನೆಲ ನೋಡಿ ಹೆಜ್ಜೆಯಿಡುವವರನ್ನು ನಾಲ್ಕು ಮೊಳವೂ ನೋಡದವರು ಕೊಂದಂತಾಯಿತು. ಹೊಣೆಯೆಲ್ಲವನ್ನೂ ಲಾರಿಗಳ ಮೇಲೆ ಹೊರಿಸುವುದು ಸರಿಯಲ್ಲ. ದರ್ಶನಕ್ಕೆಂದು ಧಾವಿಸುವ ಭಕ್ತರ ಕಾರುಗಳೂ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡುತ್ತವೆ.

ಬಸದಿಗಳ ವಿಶ್ವಸ್ತ ಮಂಡಳಿಗಳು ಈ ವಿಷಯದಲ್ಲಿ ಮಾಡಬಹುದಾದ ಕೆಲಸ ಬಹಳವಿದೆ. ವಿಹಾರದ ಸಂಘದೊಡನೆ ಹೊಳೆಯುವ ಪಟ್ಟಿಯ ಅಂಗಿ ತೊಟ್ಟ ಇಬ್ಬರು ಶ್ರಾವಕರು ಹಿಂದೆ ಮುಂದೆ ನಡೆಯುವಂತೆ ಏರ್ಪಡಿಸಬಹುದು. ಯಾತ್ರೆಗೆ ಬಸ್ಸು ಗೊತ್ತುಮಾಡುವಾಗ ಬಾಡಿಗೆಯೊಂದನ್ನೇ ಚೌಕಾಸಿ ಮಾಡದೆ, ದೂರದ ದಾರಿಗೆ ಇಬ್ಬರು ಚಾಲಕರಿರಬೇಕು, ರಾತ್ರಿ ಹತ್ತರಿಂದ ಐದರವರೆಗೆ ಬಸ್ಸು ನಿಂತಿರಬೇಕು ಎಂದು ಕರಾರಿನಲ್ಲಿಯೇ ಬರೆಸಬಹುದು. ಶ್ರವಣಬೆಳಗೊಳ, ಮೂಡುಬಿದಿರೆ, ಕಾರ್ಕಳ, ಹುಂಚಗಳನ್ನು ಒಂದೇ ದಿನದಲ್ಲಿ ಮುಗಿಸುವ ಕಾರ್ಯಕ್ರಮವನ್ನು ಮೂರು ದಿನಕ್ಕೆ ಹಿಗ್ಗಿಸಬಹುದು. ಇದರಿಂದ ಬರುವ ಹೆಚ್ಚಿನ ಖರ್ಚನ್ನು ಐವತ್ತು ಮಂದಿಗೆ ಹಂಚಿದರೆ ಯಾರ ಕೈಯನ್ನೂ ಕಚ್ಚದು. ಯಾತ್ರಿಕರಿಗೆ ಅತಿಥಿಗೃಹದಲ್ಲಿ ಕೊಠಡಿ ಕಾದಿರಿಸುವ ಕಾಗದದಲ್ಲಿ ಚಾಲಕನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಅವನು ಸೊಳ್ಳೆಗಳ ನಡುವೆ ಬಸ್ಸಿನ ಸೀಟಿನ ಮೇಲೆ ಮಲಗಿ, ಬೆಳಿಗ್ಗೆ ಐವತ್ತು ಜನರನ್ನು ಹೊತ್ತು ಘಾಟಿ ಇಳಿಯಬೇಕು. ಆ ಕಾಗದ ಬರೆಯುವವರು ಪಟ್ಟಿಯ ಮೊದಲ ಸಾಲಿನಲ್ಲಿಯೇ ಅವನಿಗೊಂದು ಹಾಸಿಗೆಯನ್ನು ನಮೂದಿಸಲಿ.