ಜರಾಸಂಧನಿಗೂ ಒಂದು ಪಾಲು

ನವಲಗುಂದ, ಕುಂದಗೋಳ ಸೀಮೆಯ ಜಾತ್ರೆಗಳಲ್ಲಿ ನಿಕಾಲಿ ಕುಸ್ತಿ ನಡೆಯುವಾಗ ಪೈಲ್ವಾನರಿಗಿಂತ ಮೊದಲು ಬೆವರುವವನು ಮೈಕ್ ಹಿಡಿದವನು. ಹಲಗಿ ಸದ್ದಿನ ಮೇಲೆ ದನಿ ಏರಿಸಬೇಕು, ಇನಾಮು ಕೊಟ್ಟ ಗೌಡರ ಹೆಸರು ಮರೆಯಬಾರದು, ನಡುವೆ ಕಣದೊಳಗಿನ ಡಾವೂ ಹೇಳಬೇಕು. ಉಸಿರು ಸಾಲದಾದಾಗ ಪುರಾಣಕ್ಕೆ ಕೈ ಹಾಕುತ್ತಾನೆ. ಒಬ್ಬ ಭೀಮ, ಇನ್ನೊಬ್ಬ ಬಜರಂಗಬಲಿ. ಗೆದ್ದರೆ ಮಾರುತಿಯ ಕೃಪೆ. ಹಾಗಾದರೆ ಚಿತ್ ಆದವನ ಮೇಲೆ ಮಾರುತಿಗೆ ಏನು ಸಿಟ್ಟಿತ್ತು? ಅವನೂ ಗರಡಿಮನೆಯ ಅದೇ ದೇವರಿಗೆ ಕೈ ಮುಗಿದು ಬಂದವನೇ.

ಪುರಾಣದ ಹೆಸರು ಎತ್ತುವುದಕ್ಕೆ ನನ್ನ ತಕರಾರಿಲ್ಲ. ಎಲ್ಲ ನಾಡಿನವರೂ ಎತ್ತುತ್ತಾರೆ. 1990ರ ವಿಶ್ವಕಪ್ ಫುಟ್‌ಬಾಲಿನಲ್ಲಿ ಐರ್ಲೆಂಡ್‌ ನೆದರ್‌ಲೆಂಡ್ಸ್ ವಿರುದ್ಧ ಆಡಿದ ಪಂದ್ಯವನ್ನು ಬ್ರಿಟನ್ನಿನ ಯಾವ ಚಾನೆಲ್ಲೂ ನೇರ ತೋರಿಸಲಿಲ್ಲ. ಇಬ್ಬರು ಐರಿಷ್ ತರುಣರು ಲಂಡನ್ನಿನಲ್ಲಿ ಒಂದು ಸಭಾಂಗಣ ಹಿಡಿದು ತಮ್ಮ ಜನಕ್ಕೆ ತೋರಿಸಿದರು. ಸೆಟಾಂಟಾ ಸ್ಪೋರ್ಟ್ಸ್ ಹುಟ್ಟಿದ್ದು ಹಾಗೆ. ಸೆಟಾಂಟಾ ಐರಿಷ್ ಪುರಾಣದ ಹುಡುಗ, ಅಲ್ಲಿನ ದೇಸಿ ಆಟವಾದ ಹರ್ಲಿಂಗ್‌ನಲ್ಲಿ ಪಳಗಿದವನು. ಮೈಮೇಲೆ ಬಂದ ಕಮ್ಮಾರನ ಕಾವಲುನಾಯಿಯನ್ನು ಕೋಲು ಚೆಂಡಿನಿಂದಲೇ ಕೊಂದ. ಆಮೇಲೆ, ಮರಿಯೊಂದು ಬೆಳೆದು ದೊಡ್ಡದಾಗುವ ತನಕ ನಿನ್ನ ಮನೆ ನಾನೇ ಕಾಯುತ್ತೇನೆ ಎಂದ. ಕಥೆಯಲ್ಲಿ ನನಗೆ ಹಿಡಿಸುವುದು ಆ ಹೊಡೆತವಲ್ಲ, ನಷ್ಟ ತುಂಬಿಕೊಡುವ ಈ ಮಾತು. ಅವನ ಹೆಸರಿಟ್ಟುಕೊಂಡ ಕಂಪನಿಯೋ 2009ರಲ್ಲಿ ಫುಟ್‌ಬಾಲ್ ಲೀಗ್‌ಗಳಿಗೆ ಕಟ್ಟಬೇಕಾದ ಕಂತು ಕಟ್ಟಲಾಗದೆ ಬ್ರಿಟನ್ನಿನಲ್ಲಿ ಬಾಗಿಲು ಹಾಕಿತು. ಹೆಸರು ಎರವಲು ಸಿಗುತ್ತದೆ, ಗುಣ ಸಿಗುವುದಿಲ್ಲ.

ನಮ್ಮ ಮಲ್ಲವಿದ್ಯೆ ಸೋತವರನ್ನು ನೆನೆಯುವ ವಿಷಯದಲ್ಲಿ ಮೈಕಿನವನಿಗಿಂತ ಉದಾರಿ. ಹಳೆಯ ಉಸ್ತಾದರು ಕುಸ್ತಿಯಲ್ಲಿ ನಾಲ್ಕು ಬಗೆ ಹೇಳುತ್ತಿದ್ದರು: ಬಲದ್ದು ಭೀಮಸೇನಿ, ಚಾತುರ್ಯದ್ದು ಹನುಮಂತಿ, ಕೈಕಾಲು ಕಟ್ಟಿಹಾಕುವುದು ಜಾಂಬವಂತಿ, ಕೀಲು ಮುರಿಯಲು ಹೋಗುವುದು ಜರಾಸಂಧಿ. ಭೀಮನ ಕೈಯಲ್ಲಿ ಸೀಳಿಹೋದವನಿಗೂ ಇಲ್ಲಿ ಒಂದು ಪಾಲು ಇದೆ. ಕಣದಲ್ಲಿ ದೇವರು, ಕರಡಿ, ಖಳ ಎಂಬ ಭೇದವಿಲ್ಲ. ಪಟ್ಟು ಗೊತ್ತೋ ಇಲ್ಲವೋ ಅಷ್ಟೇ.

ಇನಾಮು ಕೊಟ್ಟವರನ್ನು ಹೊಗಳಬೇಕಲ್ಲ ಎಂದು ಮೈಕಿನವನು ಕೇಳಬಹುದು. ಆ ಇಕ್ಕಟ್ಟು ಹೊಸದಲ್ಲ. ತಾಯಿಯ ಕಡೆಯಿಂದ ಅಣ್ಣಿಗೇರಿಯವನಾದ ಪಂಪ 941ರ ಸುಮಾರಿಗೆ ಭಾರತ ಬರೆದಾಗ, ಅನ್ನ ಕೊಟ್ಟ ರಾಜ ಅರಿಕೇಸರಿಯನ್ನೇ ಅರ್ಜುನನ ಜಾಗದಲ್ಲಿ ನಿಲ್ಲಿಸಿದ. ಇಂದಿನ ಮಾತಿನಲ್ಲಿ ಅಪ್ಪಟ ಪ್ರಾಯೋಜಿತ ಕಾವ್ಯ. ಆದರೂ ಕರ್ಣನ ಸರದಿ ಬಂದಾಗ ಜಿಪುಣತನ ಮಾಡಲಿಲ್ಲ. ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಇವನನ್ನು ನೆನೆಯಿರಿ ಎಂದ. ಅರಿಕೇಸರಿ ಅದಕ್ಕಾಗಿ ಬಹುಮಾನವಾಗಿ ಕೊಟ್ಟ ಅಗ್ರಹಾರವನ್ನೇನೂ ಹಿಂದಕ್ಕೆ ಕಸಿದುಕೊಳ್ಳಲಿಲ್ಲ.

ಸರಕಾರದ ಪುರಾಣಪ್ರೀತಿ ಇನ್ನೊಂದು ತಮಾಷೆ. ಕೇಂದ್ರ ಸರಕಾರ 1961ರಿಂದ ಆಟಗಾರರಿಗೆ ಅರ್ಜುನನ ಹೆಸರಲ್ಲಿ, 1985ರಿಂದ ತರಬೇತುದಾರರಿಗೆ ದ್ರೋಣಾಚಾರ್ಯನ ಹೆಸರಲ್ಲಿ ಪ್ರಶಸ್ತಿ ಕೊಡುತ್ತದೆ. ಕರ್ನಾಟಕ ಸರಕಾರ ಏಕಲವ್ಯನ ಹೆಸರಲ್ಲಿ ಕೊಡುತ್ತದೆ. ಬೆರಳು ಕೇಳಿದವನಿಗೂ ಸನ್ಮಾನ, ಕೊಟ್ಟವನಿಗೂ ಸನ್ಮಾನ; ಕೇಳಿದ್ದು ಸರಿಯೇ ಎಂಬ ಪ್ರಶ್ನೆ ಮಾತ್ರ ಶಾಲಿನ ಕೆಳಗೆ. ಬಡವರ ಹುಡುಗ ಇಂದಿಗೂ ಹಾಲು ಬದಾಮಿಯ ಖುರಾಕಿಗೆ ದುಡ್ಡಿಲ್ಲದೆ ಗರಡಿ ಬಿಡುತ್ತಾನೆ. ಅದೂ ಬೆರಳು ಕೊಟ್ಟ ಹಾಗೆಯೇ, ಕೇಳಿದವರು ಯಾರೆಂದು ಕಾಣುವುದಿಲ್ಲ ಅಷ್ಟೇ.

ಮುಂದಿನ ಜಾತ್ರೆಯಲ್ಲಿ ಮೈಕಿನವನು ಭೀಮನನ್ನು ಕರೆಯಲಿ, ಬೇಡ ಎನ್ನುವುದಿಲ್ಲ. ಜೊತೆಗೆ, ಸೋತವನ ಊರು ಯಾವುದು, ಉಸ್ತಾದ ಯಾರು, ಬಿಗಿಪಟ್ಟಿನಿಂದ ಎರಡು ಸಲ ಹೇಗೆ ನುಣುಚಿಕೊಂಡ, ಅವನ ಖುರಾಕಿಗೆಂದು ಮನೆಯವರು ಏನು ಮಾರಿದರು, ಅದನ್ನೂ ಹೇಳಲಿ. ಇನಾಮು ಕೊಟ್ಟವರ ಯಾದಿಯನ್ನು ಅದಾದ ಮೇಲೆ ಓದಿದರೂ ಗೌಡರು ಬೇಸರಪಡಲಿಕ್ಕಿಲ್ಲ.